ನೆಡುಂಕೋಟೆಯ ಗೆರೆ ಅಳಿಸಿದ ದಿನ

ಮೇಷ್ಟ್ರು ತೀರಿಕೊಂಡರು ಅಂತ ಹೋದ ತಿಂಗಳು ಗೆಳೆಯ ಫೋನ್ ಮಾಡಿದ. ನನಗೆ ತಕ್ಷಣ ಕಣ್ಣಿಗೆ ಕಟ್ಟಿದ್ದು ಒಂಬತ್ತನೇ ಕ್ಲಾಸಿನ ಕರಿಹಲಗೆ, ಅದರ ಮೇಲೊಂದು ಹಳದಿ ಸೀಮೆಸುಣ್ಣದ ಗೆರೆ.

ಮೂರನೇ ಮೈಸೂರು ಯುದ್ಧದ ಪಾಠ ಅದು. ಮೇಷ್ಟ್ರು ಕ್ಲಾಸನ್ನು ಎರಡು ಪಾಲು ಮಾಡಿದರು. ಕಿಟಕಿ ಕಡೆಯವರು ಟಿಪ್ಪು, ಬಾಗಿಲ ಕಡೆಯವರು ಕೇರಳದ ತಿರುವಾಂಕೂರು ರಾಜ್ಯ ಮತ್ತು ಅದರ ಮಿತ್ರ ಈಸ್ಟ್ ಇಂಡಿಯಾ ಕಂಪನಿ. "ಯಾರು ಒಳ್ಳೆಯವರು ಅಂತ ಕೇಳ್ತಿಲ್ಲ ಕಣ್ರಯ್ಯಾ. ಯಾರ ಕಾರಣ ನಿಲ್ಲುತ್ತೆ, ಅದನ್ನ ಹೇಳಿ" ಅಂದರು.

ಟಿಪ್ಪು ಪರ ನಾನೇ ಮುಂದಾಳು. ಕೊಚ್ಚಿಯ ರಾಜ ಮೈಸೂರಿಗೆ ಕಪ್ಪ ಕೊಡುತ್ತಿದ್ದ. ತಿರುವಾಂಕೂರು ರಕ್ಷಣೆಗೆ ಕಟ್ಟಿಕೊಂಡಿದ್ದ ನೆಡುಂಕೋಟೆ ಅನ್ನೋ ಉದ್ದ ಗೋಡೆ ಅವನ ನೆಲದ ಮೇಲೂ ಹಾದುಹೋಗಿತ್ತು. 1789ರಲ್ಲಿ ತಿರುವಾಂಕೂರು ಡಚ್ಚರಿಂದ ಕೊಡುಂಗಲ್ಲೂರು ಕೋಟೆ ಕೊಂಡಿತು. ಕೊಚ್ಚಿಯ ನೆಲ ಮಾರೋಕೆ ಡಚ್ಚರು ಯಾರು?

ಎದುರಿನವರೂ ಬಿಡಲಿಲ್ಲ. ಆ ಕೋಟೆಯನ್ನು ಡಚ್ಚರು ಪೋರ್ಚುಗೀಸರಿಂದ ಗೆದ್ದು ನೂರಕ್ಕೂ ಜಾಸ್ತಿ ವರ್ಷ ಆಗಿತ್ತು. 1784ರ ಮಂಗಳೂರು ಒಪ್ಪಂದದಲ್ಲಿ ತಿರುವಾಂಕೂರು ಕಂಪನಿಯ ಮಿತ್ರ ಅಂತ ಟಿಪ್ಪುವೇ ಒಪ್ಪಿದ್ದ. ಒಪ್ಪಿ, ಡಿಸೆಂಬರ್ 1789ರಲ್ಲಿ ಗೋಡೆಗೆ ದಂಡು ನುಗ್ಗಿಸಿದ್ದು ಸರಿಯಾ?

ಉತ್ತರ ಹೊಳೆಯಲಿಲ್ಲ. ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ಹಲಗೆಯ ನಕ್ಷೆಯಲ್ಲಿ ಗೋಡೆಯ ಗೆರೆ ಅಳಿಸಿದೆ. ಪೂರ್ತಿ ಕೊಚ್ಚಿಯೊಳಗೇ ಎಳೆದೆ, ಟಿಪ್ಪು ನುಗ್ಗಿದ್ದು ತನಗೆ ಕಪ್ಪ ಕೊಡುವವನ ನೆಲಕ್ಕೇ ಅಂತ ಆಗಲಿ ಅಂತ.

ಮೇಷ್ಟ್ರು ಬಂದು ಹಲಗೆ ನೋಡಿದರು. ಆಮೇಲೆ ಹಳದಿಯಾಗಿದ್ದ ನನ್ನ ಬೆರಳು ನೋಡಿದರು. ಬೈಯಲಿಲ್ಲ. "ನಾಳೆ ನೀನು ಬಾಗಿಲ ಕಡೆ ಕೂತ್ಕೋ. ಕಂಪನಿ ಪರ ಮಾತಾಡು."

ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಕಿಟಕಿ ಕಡೆಯವರೂ ಚಪ್ಪಾಳೆ ತಟ್ಟಿದರು. ಆಗ ಮೇಷ್ಟ್ರು ಎದ್ದು ಹಲಗೆಯ ಮೇಲೆ 1792 ಅಂತ ಬರೆದರು, ಟಿಪ್ಪು ಸೋತು ಯುದ್ಧ ಮುಗಿದ ವರ್ಷ. ಕೆಳಗೆ ಅವನು ಕೊಡಬೇಕಾಗಿ ಬಂದಿದ್ದು. ಟಿಪ್ಪುವಿನ ಅರ್ಧ ರಾಜ್ಯ. 3 ಕೋಟಿ 30 ಲಕ್ಷ ರೂಪಾಯಿ. ಒತ್ತೆಗೆ ಇಬ್ಬರು ಮಕ್ಕಳು. ನೆಲ ಹಂಚಿಕೊಂಡವರು ಕಂಪನಿ, ಮರಾಠರು, ನಿಜಾಮ. "ಯುದ್ಧ ಶುರುವಾಗಿದ್ದು ಯಾರ ಗೋಡೆಗೆ? ಅವರ ಹೆಸರು ಇಲ್ಲಿ ಇದೆಯಾ? ಕೊಚ್ಚಿ ಆಮೇಲೂ ಕಪ್ಪ ಕೊಟ್ಟಿತು ಕಣಯ್ಯಾ. ಕಂಪನಿಗೆ."

ಕ್ಲಾಸು ಸುಮ್ಮನಾಯಿತು. ಟಿಪ್ಪು ಗೋಡೆಗೆ ನುಗ್ಗಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ಕಂಪನಿಯ ಕಾರಣವನ್ನು ಹಲಗೆಯ ಆ ಸಾಲುಗಳನ್ನು ಬಿಟ್ಟು ತೂಗೋಕೆ ಆಗಲ್ಲ, ಅಲ್ವಾ?

ಮಗಳ ನೋಟ್‌ಬುಕ್ಕಿನಲ್ಲಿ ಇದೇ ಯುದ್ಧ ನಾಲ್ಕು ಕಾರಣ, ಮೂರು ಪರಿಣಾಮ. ಬಾಯಿಪಾಠ ಮಾಡಿದ್ದಾಳೆ, ಪೂರ್ತಿ ಅಂಕವೂ ಬಂತು. ಕೊಚ್ಚಿ ಎಲ್ಲಿದೆ ಅಂತ ಕೇಳಿದರೆ ಗೊತ್ತಿಲ್ಲ. ಬೇಜಾರಾಗುತ್ತದೆ.

ನಾನೀಗ ವಕೀಲ. ಯಾವ ಕೇಸು ಬಂದರೂ ಎದುರಿನವರ ವಾದವನ್ನೇ ಮೊದಲು ಬರೆದುಕೊಳ್ಳುತ್ತೇನೆ. ಕೋರ್ಟಿನಲ್ಲಿ ನನಗೆ ಹೆಸರು ಬಂದಿದ್ದೇ ಅದರಿಂದ. ಇದನ್ನು ಮೇಷ್ಟ್ರಿಗೆ ಹೇಳಬೇಕಿತ್ತು. ದಸರಾ ರಜೆಗೆ ಊರಿಗೆ ಹೋದಾಗ ಹೇಳೋಣ ಅಂತಿದ್ದೆ.