ಬೆಲ್ಲನಿಗೆ ವಿಮೆ

ರೆಡಿಂಗ್, ಇಂಗ್ಲೆಂಡ್, 2025 ನವೆಂಬರ್ 15, ಶನಿವಾರ

ಬೆಲ್ಲನಿಗೆ ಇವತ್ತು ಲೈಫ್‌ಟೈಮ್ ಪಾಲಿಸಿ ಮಾಡಿಸಿದೆವು. ಮೂರು ತಿಂಗಳು ಇನ್ನೂ ತುಂಬದ ಲ್ಯಾಬ್ರಡಾರ್ ಮರಿ, ಮೈಬಣ್ಣ ನೋಡಿಯೇ ಇಟ್ಟ ಹೆಸರು. ಮರಿ ಕೊಟ್ಟವರು ಜೊತೆಗೆ ಮಾಡಿಸಿದ್ದ ಕೆಲವು ವಾರಗಳ ಉಚಿತ ವಿಮೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲ 14 ದಿನ ಕಾಯಿಲೆಗೆ ಏನೂ ಸಿಗುವುದಿಲ್ಲ. ನಡುವೆ ಒಂದು ದಿನವೂ ಖಾಲಿ ಬೀಳಬಾರದೆಂದು ಇವತ್ತೇ ಕೂತು ಮುಗಿಸಿದೆವು.

ಹಾಸನದಿಂದ ಅಮ್ಮನ ಫೋನು. “ನಾಯಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋದಾ? ಅಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇಲ್ವೇನೇ?” ಇಲ್ಲಮ್ಮ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇರುವುದು ಮನುಷ್ಯರಿಗೆ ಮಾತ್ರ. ಪಿಡಿಎಸ್‌ಎ ಎಂಬ ದತ್ತಿ ಸಂಸ್ಥೆ 1917ರಿಂದ ಬಡವರ ಮನೆಯ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದೆ. ಸಂಬಳ ಬರುವ ನಾವು ಅಲ್ಲಿಗೆ ಹೋಗುವಂತಿಲ್ಲ, ಹೋಗಲೂಬಾರದು. ಉಳಿದದ್ದು ಖಾಸಗಿ ವೆಟ್, ಅಂದರೆ ಪಶುವೈದ್ಯರು. 2013ರಲ್ಲಿ ಇಲ್ಲಿನ ಶೇ. 10ರಷ್ಟು ಕ್ಲಿನಿಕ್‌ಗಳು ಮಾತ್ರ ದೊಡ್ಡ ಕಂಪನಿಗಳ ಕೈಯಲ್ಲಿದ್ದವು, ಈಗ ಹತ್ತಿರ ಹತ್ತಿರ ಶೇ. 60. ವೆಟ್‌ಗಳ ದರ 2016ರಿಂದ 2023ರೊಳಗೆ ಶೇ. 63 ಏರಿದೆ ಎಂದು ಸರ್ಕಾರದ ಸ್ಪರ್ಧಾ ಪ್ರಾಧಿಕಾರ ಸಿಎಂಎ ಹೋದ ತಿಂಗಳು ಹೇಳಿತು. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬ ಅದರ ಪ್ರಸ್ತಾಪ ಬೇಗ ಜಾರಿಗೆ ಬರಲಿ.

ವಿಮೆಯಲ್ಲಿ ನಾಲ್ಕು ಬಗೆ. ಅಪಘಾತಕ್ಕೆ ಮಾತ್ರ ಕೊಡುವುದು ಒಂದು. ಒಂದು ಕಾಯಿಲೆಗೆ ಹನ್ನೆರಡು ತಿಂಗಳು ಕೊಟ್ಟು ನಿಲ್ಲಿಸುವುದು ಇನ್ನೊಂದು. ಒಂದು ಕಾಯಿಲೆಗೆ ಇಷ್ಟು ಮೊತ್ತ, ಅದು ತೀರಿದರೆ ತೀರಿತು ಎನ್ನುವುದು ಮೂರನೆಯದು. ಲೈಫ್‌ಟೈಮ್‌ನಲ್ಲಿ ಪ್ರತಿ ವರ್ಷ ನವೀಕರಿಸಿದಾಗ ಮೊತ್ತ ಮತ್ತೆ ಪೂರ್ತಿಯಾಗುತ್ತದೆ, ಹಳೆಯ ಕಾಯಿಲೆಗೂ ಸಿಗುತ್ತದೆ. ಆದರೆ ಕಂತು ತಪ್ಪಬಾರದು.

ಇದು ಎಷ್ಟು ಮುಖ್ಯ ಎಂದು ಕಂಡದ್ದು ಸ್ಲೌನಲ್ಲಿರುವ ಗೆಳತಿಯ ಮನೆಯಲ್ಲಿ. ಅವಳ ನಾಯಿಗೆ ಎರಡನೇ ವರ್ಷಕ್ಕೇ ಚರ್ಮದ ಅಲರ್ಜಿ ಶುರುವಾಯಿತು. ಕಾಲು ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುತ್ತಿತ್ತು. ಅವಳದ್ದು ಹನ್ನೆರಡು ತಿಂಗಳ ಬಗೆಯ ಪಾಲಿಸಿ. ವರ್ಷ ತುಂಬಿತು, ದುಡ್ಡು ನಿಂತಿತು, ತುರಿಕೆ ನಿಲ್ಲಲಿಲ್ಲ. ಬೇರೆ ಕಂಪನಿಗೆ ಹೋದರೆ, ಮೊದಲೇ ಇದ್ದ ಕಾಯಿಲೆ, ಅದನ್ನು ಬಿಟ್ಟು ಉಳಿದದ್ದಕ್ಕೆ ಕೊಡುತ್ತೇವೆ ಎಂದರು. ಈಗ ತಿಂಗಳು ತಿಂಗಳು ಇಂಜೆಕ್ಷನ್ನಿನ ಖರ್ಚು ಪೂರ್ತಿ ಅವಳದೇ. ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು.

ಬೆಲ್ಲನ ಬಣ್ಣದವರ ಬಗ್ಗೆ ಓದಿದ್ದು ಇನ್ನೊಂದು ಚಿಂತೆ. ಬ್ರಿಟನ್ನಿನ ಲ್ಯಾಬ್ರಡಾರ್‌ಗಳ ವೆಟ್ ದಾಖಲೆಗಳನ್ನು ನೋಡಿದ 2018ರ ಅಧ್ಯಯನವೊಂದರಲ್ಲಿ ಕಂದು ಬಣ್ಣದವುಗಳ ಮಧ್ಯಮ ಆಯಸ್ಸು 10.7 ವರ್ಷ, ಉಳಿದ ಬಣ್ಣದವುಗಳದ್ದು 12.1. ಕಿವಿಯ ಉರಿಯೂತ, ಚರ್ಮದ ಹುಣ್ಣು ಕಂದು ನಾಯಿಗಳಲ್ಲೇ ಹೆಚ್ಚು. ಇವು ವಾಸಿಯಾಗಿ ಮತ್ತೆ ಬರುವ ಕಾಯಿಲೆಗಳು. ಸೊಂಟದ ಕೀಲು, ಮೊಣಕಾಲು ಈ ತಳಿಗೆ ಹೇಗೂ ನಾಜೂಕು. ಬೆಲ್ಲನ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ನೋಡಿ ಕೀಲು ಹೇಗಿದೆ ಎಂದು ಕೊಟ್ಟ ಅಂಕವನ್ನು ಕೇಳಿ ನೋಡಿಯೇ ತಂದದ್ದು, ಆದರೂ ಭರವಸೆ ಯಾರು ಕೊಡುತ್ತಾರೆ?

ಆ ದುಡ್ಡನ್ನು ಬ್ಯಾಂಕಿನಲ್ಲಿ ಕೂಡಿಡೋಣ ಎಂದು ಇವರು ವಾದಿಸಿದರು. ಹತ್ತು ವರ್ಷ ಏನೂ ಆಗದಿದ್ದರೆ ಇವರ ಮಾತೇ ಸರಿ. ಎರಡನೇ ವರ್ಷದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದರೆ? ಆ ಆಪರೇಷನ್ನಿಗೆ ನಾಲ್ಕೈದು ಸಾವಿರ ಪೌಂಡ್ ಬೇಕು, ಅಷ್ಟು ಹೊತ್ತಿಗೆ ಕೂಡಿದ್ದು ಸಾವಿರ ದಾಟಿರುತ್ತದೆ ಅಷ್ಟೆ. ಒಂದು ಕಾಲಿಗೆ ಬಂದದ್ದು ಇನ್ನೊಂದಕ್ಕೂ ಬರುವುದು ಹೆಚ್ಚು. ಕೊನೆಗೆ ಇವರೇ ಲ್ಯಾಪ್‌ಟಾಪ್ ತೆಗೆದರು.

ಮೊದಲ ವರ್ಷದ ಕಂತನ್ನು ನೋಡಿ ಆರಿಸುವುದು ಬೇಡ ಎಂದು ನಾನು ಹಟ ಹಿಡಿದೆ. ಅಗ್ಗವಾಗಿ ಕಂಡದ್ದರಲ್ಲಿ ವರ್ಷದ ಮಿತಿ 2,000 ಪೌಂಡ್, ಒಂದು ಆಪರೇಷನ್ನಿಗೂ ಸಾಲದು. ಇನ್ನೊಂದರಲ್ಲಿ ಮಿತಿ ದೊಡ್ಡದು, ಆದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ಬಿಲ್ಲಿನ ಶೇ. 20 ನಮ್ಮ ಪಾಲು. ಮುದಿ ವಯಸ್ಸಿನಲ್ಲೇ ಬಿಲ್ಲು ದೊಡ್ಡದಾಗುವುದು! ನಾವು ತೆಗೆದುಕೊಂಡದ್ದರಲ್ಲಿ ವರ್ಷಕ್ಕೆ 10,000 ಪೌಂಡ್, ಎಲ್ಲ ಕಾಯಿಲೆಗೂ ಸೇರಿ. ನಮ್ಮ ಕೈಯಿಂದ ಕಾಯಿಲೆಯೊಂದಕ್ಕೆ ವರ್ಷಕ್ಕೆ 100 ಪೌಂಡ್, ಮುದಿ ವಯಸ್ಸಿನಲ್ಲಿ ಶೇ. 10. ವೆಟ್‌ಗೆ ನೇರವಾಗಿ ದುಡ್ಡು ಕಟ್ಟುತ್ತಾರೆ. ಬೆಲ್ಲ ಯಾರನ್ನಾದರೂ ಕಚ್ಚಿದರೆ ಅಥವಾ ರಸ್ತೆಗೆ ನುಗ್ಗಿ ಅಪಘಾತವಾದರೆ ಪರಿಹಾರಕ್ಕೂ ರಕ್ಷಣೆ ಇದೆ. ಕಂತು ವರ್ಷದಿಂದ ವರ್ಷಕ್ಕೆ ಏರುತ್ತದೆ, ಅದರ ಮೇಲೆ ಶೇ. 12 ತೆರಿಗೆ ಬೇರೆ. ಅವನು ಒಮ್ಮೆ ಕಾಯಿಲೆ ಬಿದ್ದ ಮೇಲೆ ಬೇರೆ ಕಡೆ ಹೋಗುವ ದಾರಿ ಮುಚ್ಚಿದಂತೆಯೇ. ಆರೋಗ್ಯವಾಗಿರುವ ಈಗಲೇ ಇಷ್ಟು ತಲೆ ಕೆಡಿಸಿಕೊಂಡದ್ದು ಅದಕ್ಕೇ.

ಮಂಗಳವಾರ ಎರಡನೇ ಲಸಿಕೆ. ವರ್ಷಕ್ಕೊಮ್ಮೆ ಲಸಿಕೆ, ಹಲ್ಲಿನ ತಪಾಸಣೆ ತಪ್ಪಿಸಿದರೆ ಕ್ಲೇಮ್ ತಳ್ಳಿಹಾಕಬಹುದು ಎಂದು ಪಾಲಿಸಿಯಲ್ಲಿ ಬರೆದಿದ್ದಾರೆ, ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಹೋದಾಗ ಅವನ ದಾಖಲೆಯ ಪ್ರತಿಯನ್ನೂ ಕೇಳಿ ತರಬೇಕು. ವೆಟ್ ಅದರಲ್ಲಿ ಬರೆಯುವ ಒಂದೊಂದು ಸಾಲೂ ಮುಂದೆ ವಿಮೆಯವರ ಮೇಜಿಗೆ ಹೋಗುತ್ತದೆ, ನಮಗೂ ಗೊತ್ತಿರಲಿ.