ಕಾದು ನಿಂತ ಗ್ರೆನೇಡಿಯರುಗಳು: ನಾಲ್ಕನೆಯ ತಿಂಗಳ ವರದಿ

ಫ್ರೆಂಚ್ ಚಕ್ರವರ್ತಿ ನೆಪೋಲಿಯನ್ನನ ಖಾಸಾ ಪಡೆಯಾದ ಇಂಪೀರಿಯಲ್ ಗಾರ್ಡಿನ ಗ್ರೆನೇಡಿಯರುಗಳ, ಅಂದರೆ ಆಯ್ದ ಕಾಲಾಳುಗಳ, ಇಪ್ಪತ್ತನಾಲ್ಕು ಗೊಂಬೆಗಳಲ್ಲಿ ಹದಿನಾರಕ್ಕೆ ಬಣ್ಣ ಬಳಿಯುವ ಕೆಲಸ ಈ ವಾರ ಮುಗಿಯಿತು. ಇವು 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಗೊಂಬೆಗಳು. ಪೆಟ್ಟಿಗೆಯಲ್ಲಿ ಬಯೊನೆಟ್ ಚಾಚಿ ನುಗ್ಗುವ ಕೈಗಳೂ ಬಂದೂಕನ್ನು ಭುಜಕ್ಕೆ ಆನಿಸಿಕೊಂಡು ನಿಲ್ಲುವ ಕೈಗಳೂ ಇದ್ದವು. ನಾನು ನಿಲ್ಲುವ ಕೈಗಳನ್ನೇ ಅಂಟಿಸಿದ್ದೇನೆ, ಏಕೆಂದರೆ ನಾನು ತೋರಿಸಬೇಕೆಂದಿರುವುದು 1812ರ ಸೆಪ್ಟೆಂಬರ್ 7ರಂದು ರಷ್ಯದ ಬೊರೊಡಿನೊ ಕಾಳಗದಲ್ಲಿ ದಿನವಿಡೀ ನಿಂತೇ ಇದ್ದ ಪಡೆಯನ್ನು.

ಅಂದು ಚಕ್ರವರ್ತಿ ಬಹುಪಾಲು ಹೊತ್ತು ಶೆವಾರ್ದಿನೊ ದಿಬ್ಬದ ಬಳಿ ಇದ್ದ, ಗಾರ್ಡ್ ಅವನ ಹಿಂದೆಯೇ ನಿಂತಿತ್ತು. ರಷ್ಯನ್ನರ ಎಡಭಾಗ ಕುಸಿಯುತ್ತಿದ್ದಾಗ ಅವನ ದಂಡನಾಯಕರಾದ ನೇ ಮತ್ತು ಮ್ಯೂರಾ ಇಬ್ಬರೂ ಮೀಸಲು ಪಡೆಯನ್ನು ಕಳುಹಿಸುವಂತೆ ಬೇಡಿಕೊಂಡರೂ ಅವನು ಗಾರ್ಡಿನ ಫಿರಂಗಿಗಳನ್ನು ಬಳಸಿದನೇ ಹೊರತು ಹಳೆಯ ಕಾಲಾಳುಗಳನ್ನು ಮುಟ್ಟಲಿಲ್ಲ. ಪ್ಯಾರಿಸಿನಿಂದ ಅಷ್ಟು ದೂರದಲ್ಲಿ ಕೊನೆಯ ಗಂಟನ್ನು ಬಿಚ್ಚಲು ಅವನಿಗೆ ಧೈರ್ಯ ಬರಲಿಲ್ಲ. ಅದು ತಪ್ಪೆಂದು ವಾದಿಸುವವರು ಇಂದಿಗೂ ಇದ್ದಾರೆ. ಮುಂದೆ ಹಿಮದಲ್ಲಿ ಹಿಂದಿರುಗುವಾಗ ಅವನಿಗೆ ಉಳಿದ ಗಟ್ಟಿ ಪಡೆ ಇದೊಂದೇ ಎಂಬುದನ್ನು ನೆನೆದರೆ ನನಗೆ ಅವನ ಲೆಕ್ಕವೇ ಸರಿಯೆನಿಸುತ್ತದೆ. ಆದರೆ ಕಾಯುವುದು ಆ ಸೈನಿಕರಿಗೆ ಒಗ್ಗುತ್ತಿರಲಿಲ್ಲ. 1806ರಲ್ಲಿ ಯೇನಾದ ಕಾಳಗದಲ್ಲಿ ಸಾಲಿನೊಳಗಿಂದ ಯಾರೋ ‘ಮುಂದಕ್ಕೆ’ ಎಂದು ಕೂಗಿ ಚಕ್ರವರ್ತಿಯಿಂದಲೇ ಬೈಸಿಕೊಂಡದ್ದುಂಟು. ಇವರಿಗೆ ‘ಗ್ರೊನ್ಯಾರ್’, ಅಂದರೆ ಗೊಣಗುವವರು, ಎಂಬ ಅಡ್ಡಹೆಸರು ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕೆಲಸದ ವಿಷಯಕ್ಕೆ ಬರುತ್ತೇನೆ. ಈ ಸಮವಸ್ತ್ರದಲ್ಲಿ ನೀಲಿಗಿಂತ ಬಿಳಿಯೇ ಹೆಚ್ಚು ಕಾಡುತ್ತದೆ. ಎದೆಯ ಮಡಿಕೆ, ಒಳ ಅಂಗಿ, ಬಿಗಿಯಾದ ಚಲ್ಲಣ, ಎದೆಯ ಮೇಲೆ ಅಡ್ಡಹಾಯುವ ಎರಡು ಪಟ್ಟಿಗಳು, ಎಲ್ಲವೂ ಬಿಳಿ. ಮೊದಲ ನಾಲ್ಕು ಗೊಂಬೆಗಳಿಗೆ ನೇರವಾಗಿ ಬಿಳಿ ಬಳಿದಾಗ ಅವು ಸುಣ್ಣದ ಡಬ್ಬಿಗೆ ಬಿದ್ದು ಎದ್ದಂತೆ ಕಂಡವು. ಈಗ ತಿಳಿ ಬೂದು ಬಣ್ಣವನ್ನು ತಳಕ್ಕೆ ಕೊಟ್ಟು, ಅದರ ಮೇಲೆ ನೀರಾಗಿಸಿದ ಬಿಳಿಯನ್ನು ಮೂರು ತೆಳು ಲೇಪಗಳಲ್ಲಿ ಹಾಕಿ, ಪಟ್ಟಿಯ ಅಂಚಿನಲ್ಲಿ ಮಾತ್ರ ಬೂದು ಗೆರೆಯನ್ನು ಉಳಿಸುತ್ತಿದ್ದೇನೆ. ಕರಡಿ ಚರ್ಮದ ಟೊಪ್ಪಿಗೆ ಕಪ್ಪು ಪ್ರೈಮರಿನ (ತಳಬಣ್ಣದ) ಮೇಲೆ ಕಡು ಕಂದು ಬಣ್ಣದ ಡ್ರೈ ಬ್ರಶ್, ಅಂದರೆ ಬಹುತೇಕ ಒಣಗಿದ ಕುಂಚದ ಸವರಿಕೆ, ಸಾಕಾಯಿತು. ಆದರೆ ಮಳೆ ಬಂದ ದಿನ ಬಾಲ್ಕನಿಯಲ್ಲಿ ಪ್ರೈಮರ್ ಸ್ಪ್ರೇ ಮಾಡಿದ್ದರಿಂದ ಮೂರು ಗೊಂಬೆಗಳ ಮೈ ರವೆ ಉದುರಿಸಿದಂತೆ ತರಿತರಿಯಾಯಿತು. ಅವನ್ನು ಹಿಂದಿನ ಸಾಲಿಗೆ ಅಟ್ಟಿದ್ದೇನೆ.

ನಾಚಿಕೆಯ ತಪ್ಪು ಬೇರೆಯೇ ಇದೆ. ಟೊಪ್ಪಿಗೆಯ ನೆತ್ತಿಯ ಹಿಂಭಾಗದಲ್ಲಿ ಕೆಂಪು ಬಟ್ಟೆಯ ಗುಂಡನೆಯ ತೇಪೆಯೊಂದಿರುತ್ತದೆ. 1805ರ ಆಸ್ಟರ್ಲಿಟ್ಸ್ ಕಾಳಗದ ಕಾಲದ ಚಿತ್ರವೊಂದನ್ನು ಮುಂದಿಟ್ಟುಕೊಂಡು ಎಂಟು ಟೊಪ್ಪಿಗೆಗಳ ಮೇಲೆ ಬಿಳಿ ಶಿಲುಬೆಯನ್ನು ಬರೆದು ಮುಗಿಸಿದ ಮೇಲೆ, 1812ರ ಹೊತ್ತಿಗೆ ಶಿಲುಬೆಯ ಜಾಗದಲ್ಲಿ ಉರಿಯುವ ಗ್ರೆನೇಡಿನ ಗುರುತು ಬಂದಿತ್ತೆಂಬುದು ನೆನಪಾಯಿತು. ಎಂಟನ್ನೂ ಮತ್ತೆ ಕೆಂಪಾಗಿಸಿ, ಸೂಜಿಯ ಮೊನೆಯಿಂದ ಒಂದು ಚುಕ್ಕೆ ಮತ್ತು ಅದರ ಮೇಲೆ ಮೂರು ಗೀಟುಗಳನ್ನು ಇಟ್ಟೆ. ಒಂದು ಅಡಿ ದೂರದಿಂದ ಅದು ಗ್ರೆನೇಡಿನಂತೆಯೇ ಕಾಣುತ್ತದೆ, ಹತ್ತಿರ ಬಂದರೆ ಪುಟ್ಟ ಮೂಲಂಗಿಯಂತೆ.

ಹೆಚ್ಚು ಸಮಯ ಹಿಡಿದದ್ದು ಮುಖಗಳು. ಈ ಪಡೆಗೆ ಸೇರಲು ಸಾಮಾನ್ಯವಾಗಿ ಹತ್ತು ವರ್ಷದ ಸೇವೆ, ಹಲವು ದಂಡಯಾತ್ರೆಗಳ ಅನುಭವ, ಒಳ್ಳೆಯ ನಡತೆ ಹಾಗೂ ಸುಮಾರು 178 ಸೆಂ.ಮೀ. ಎತ್ತರ ಬೇಕಾಗಿತ್ತು. ಅಚ್ಚಿನಿಂದ ಬಂದ ಮುಖಗಳೋ ಕಾಲೇಜು ಹುಡುಗರ ಮುಖಗಳಂತಿದ್ದವು. ಕೆನ್ನೆಯ ಮೂಳೆಯ ಕೆಳಗೆ ಕಂದು ವಾಶ್ (ನೀರಾದ ಬಣ್ಣ) ಇಳಿಸಿ, ಮೂಗಿನಿಂದ ಬಾಯಿಯ ಕೊನೆಯವರೆಗೆ ಗೆರೆ ಎಳೆದು, ಮೀಸೆಗಳಲ್ಲಿ ಕೆಲವಕ್ಕೆ ಬೂದು ಬೆರೆಸಿದಾಗ ವಯಸ್ಸು ಬಂದಿತು. ಹಿಂದೆ ಜಡೆ, ಅದಕ್ಕೆ ಬಿಳಿ ಪುಡಿ, ಕಿವಿಯಲ್ಲಿ ಚಿನ್ನದ ಒಂಟಿ: ಈ ಹಳೆಯ ಶೋಕಿಯನ್ನು ಗಾರ್ಡಿನವರು ಬಿಟ್ಟಿರಲಿಲ್ಲ. ಒಂಟಿ ಎಂದರೆ ಕಿವಿಯ ಕೆಳಗೆ ಹಳದಿಯ ಒಂದೇ ಚುಕ್ಕೆ. ಎಡದೋಳಿನ ಸೇವಾಪಟ್ಟಿಗಳನ್ನು ಹತ್ತು ವರ್ಷಕ್ಕೆ ಒಂದು, ಹದಿನೈದಕ್ಕೆ ಎರಡು, ಇಪ್ಪತ್ತಕ್ಕೆ ಮೂರು ಎಂಬ ಲೆಕ್ಕದಲ್ಲಿ ಹಂಚಿದ್ದೇನೆ. ಮೂರು ಪಟ್ಟಿ ಸಿಕ್ಕಿದ್ದು ಒಬ್ಬನಿಗೆ ಮಾತ್ರ. ಅವನು ಕ್ರಾಂತಿಗೂ ಮುಂಚೆ, ರಾಜನ ಸೈನ್ಯದಲ್ಲಿದ್ದಾಗಲೇ ಬಂದೂಕು ಹಿಡಿದವನಿರಬಹುದು.

ಗಾರ್ಡಿನವರು ಅಂದು ಪೂರ್ಣ ಸಮವಸ್ತ್ರದಲ್ಲಿದ್ದುದರಿಂದ ಟೊಪ್ಪಿಗೆಗೆ ಬಿಳಿ ಹುರಿಯನ್ನೂ ಕೆಂಪು ತುರಾಯಿಯನ್ನೂ ಬಿಡುವಂತಿರಲಿಲ್ಲ. ತುರಾಯಿಗಳು ತೀರಾ ತೆಳ್ಳಗಿವೆ, ಕೈತಗುಲಿ ಈಗಾಗಲೇ ಎರಡು ಮುರಿದಿವೆ. ಅವುಗಳ ಜಾಗದಲ್ಲಿ ಹಿತ್ತಾಳೆಯ ತಂತಿಯನ್ನು ನಾಟಿ, ಅದರ ಸುತ್ತ ಎಪಾಕ್ಸಿ ಪುಟ್ಟಿ ಮೆತ್ತಿದ್ದೇನೆ.

ಉಳಿದ ಎಂಟಕ್ಕೆ ಪ್ರೈಮರ್ ಆಗಿದೆ. ಎಲ್ಲರೂ ಒಂದೇ ಹಲಗೆಯ ಮೇಲೆ ನಿಲ್ಲುವರು. ಹುಲ್ಲಿಗೆ ಹಸಿರು ಮರದ ಪುಡಿ ತಂದಿಟ್ಟಿದ್ದೇನೆ, ಆದರೆ ಅದನ್ನು ಅಂಚಿಗಷ್ಟೇ ಉದುರಿಸುವ ಯೋಚನೆಯಿದೆ. ಇಷ್ಟು ಜನ ಬೆಳಗಿನಿಂದ ನಿಂತ ನೆಲದಲ್ಲಿ ಅವರ ಕಾಲಡಿಯ ಹುಲ್ಲು ಉಳಿದಿರಲಾರದು.