ಗೋಡೆ ದಾಟಿ ಹೋದ ಗುಂಡು

ಆರು ವರ್ಷ ಬ್ಯಾಂಕಿಂಗ್ ತಂತ್ರಾಂಶ ಬರೆದವನು ನಾನು. ಅಲ್ಲಿ ಒಂದು ಪುಟ ತೆರೆದುಕೊಳ್ಳಲು ಅರ್ಧ ಸೆಕೆಂಡು ಹಿಡಿದರೆ ಯಾರೂ ತಕರಾರು ಎತ್ತುವುದಿಲ್ಲ. ಕಳೆದ ತಿಂಗಳು ವಿಡಿಯೋ ಗೇಮ್ ಕಂಪನಿಯೊಂದರ ಸಂದರ್ಶನಕ್ಕೆ ಹೋದಾಗ ಆ ಅರ್ಧ ಸೆಕೆಂಡು ಎಷ್ಟು ದೀರ್ಘವಾದದ್ದು ಎಂದು ತಿಳಿಯಿತು. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಬಿಡಿ ಚಿತ್ರ, ಓಡಬೇಕಾದರೆ ಒಂದೊಂದಕ್ಕೂ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಆಟಗಾರ ಒತ್ತಿದ ಬಟನ್, ಶತ್ರುಗಳ ನಡೆ, ಡಿಕ್ಕಿಯ ಲೆಕ್ಕ, ಪರದೆಯ ಚಿತ್ರ ಎಲ್ಲವೂ ಅಷ್ಟರೊಳಗೇ ಮುಗಿಯಬೇಕು.

ಮೊದಲ ಸುತ್ತು ಎಲ್ಲ ಕಡೆ ಇರುವಂಥದ್ದೇ. ಎರಡನೆಯದರಲ್ಲಿ ಹಿರಿಯ ಪ್ರೋಗ್ರಾಮರ್ ಒಬ್ಬರು ಬೋರ್ಡಿನ ಮೇಲೆ ಎರಡು ಚುಕ್ಕಿ ಇಟ್ಟರು. ಒಂದು ಶತ್ರು, ಇನ್ನೊಂದು ಆಟಗಾರ. ಶತ್ರುವಿನ ನೋಟದ ಹರವು 120 ಡಿಗ್ರಿ. ಆಟಗಾರ ಅವನ ಕಣ್ಣಿಗೆ ಬೀಳುತ್ತಾನೆಯೇ? ನಾನು ಕೋನ ಲೆಕ್ಕ ಹಾಕಲು ಹೊರಟೆ. ‘ನಿಮಗೆ ಕೋನವೇ ಬೇಕೇ?’ ಎಂದು ಕೇಳಿ ಅವರು ಸುಮ್ಮನಾದರು.

ಬೇಕಿರಲಿಲ್ಲ. ಶತ್ರು ಮುಖ ಮಾಡಿದ ದಿಕ್ಕು, ಅವನಿಂದ ಆಟಗಾರನ ಕಡೆಗಿನ ದಿಕ್ಕು, ಎರಡನ್ನೂ ಏಕಮಾನ ಸದಿಶಗಳಾಗಿ (ಉದ್ದ 1 ಇರುವ ಬಾಣಗಳಾಗಿ) ತೆಗೆದುಕೊಂಡು ಡಾಟ್ ಪ್ರಾಡಕ್ಟ್ ಮಾಡಿದರೆ ಸಾಕು; ಎರಡು ದಿಕ್ಕುಗಳು ಎಷ್ಟು ಹೊಂದುತ್ತವೆ ಎಂದು ಒಂದೇ ಸಂಖ್ಯೆಯಲ್ಲಿ ಹೇಳುವ ಗುಣಾಕಾರ ಅದು. ಉತ್ತರ 0.5ಕ್ಕಿಂತ (120ರ ಅರ್ಧವಾದ 60 ಡಿಗ್ರಿಯ ಕೊಸೈನ್) ಹೆಚ್ಚಿದ್ದರೆ ಆಟಗಾರ ನೋಟದೊಳಗೆ, ಋಣಸಂಖ್ಯೆ ಬಂದರೆ ಬೆನ್ನ ಹಿಂದೆ. ಕಾಲೇಜಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಸೂತ್ರಕ್ಕೆ ಕಣ್ಣು ಬಂದದ್ದು ಆಗಲೇ.

ಆಮೇಲೆ ಗುಂಡಿನ ಪ್ರಶ್ನೆ. ವೇಗ ಸೆಕೆಂಡಿಗೆ 600 ಮೀಟರ್, ಎದುರಿನ ಗೋಡೆಯ ದಪ್ಪ 20 ಸೆಂಟಿಮೀಟರ್. ಪ್ರತಿ ಫ್ರೇಮಿನಲ್ಲೂ ಗುಂಡು ಗೋಡೆಯೊಳಗಿದೆಯೇ ಎಂದು ನೋಡುವ ಕೋಡ್ ಬರೆದೆ. ಅವರು ಒಂದು ಫ್ರೇಮಿಗೆ ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರು. ಹತ್ತು ಮೀಟರ್! ಈ ಫ್ರೇಮಿನಲ್ಲಿ ಗೋಡೆಯ ಈಚೆ, ಮುಂದಿನದರಲ್ಲಿ ಆಚೆ. ನನ್ನ ಕೋಡಿನ ಪಾಲಿಗೆ ಗೋಡೆಯೇ ಇರಲಿಲ್ಲ. ಗುಂಡಿನ ಹಿಂದಿನ ಸ್ಥಾನದಿಂದ ಈಗಿನ ಸ್ಥಾನಕ್ಕೆ ಗೆರೆ ಎಳೆದು, ಅದು ಗೋಡೆಯನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡಬೇಕು. ಗೋಡೆಯೂ ಚಲಿಸುತ್ತಿದ್ದರೆ? ಗುಂಡಿನ ವೇಗದಿಂದ ಗೋಡೆಯ ವೇಗ ಕಳೆದು, ಗೋಡೆ ನಿಂತಿದೆ ಎಂದುಕೊಳ್ಳಬೇಕು. ಅಷ್ಟು ಹೇಳುವಷ್ಟರಲ್ಲಿ ಸಮಯ ಮುಗಿದಿತ್ತು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಸಂದರ್ಶನದಲ್ಲೂ ನನಗೆ ಯಾರೂ ಕೇಳಿರಲಿಲ್ಲ.

ಸೋತದ್ದು ಮೂರನೆಯ ಸುತ್ತಿನಲ್ಲಿ, ಮೆಮೊರಿಯ ವಿಷಯದಲ್ಲಿ. ಹತ್ತು ಸಾವಿರ ಕಿಡಿಗಳನ್ನು ಹಾರಿಸಲು ಪ್ರತಿ ಕಿಡಿಗೂ ಮೆಮೊರಿಯಲ್ಲಿ ಹೊಸ ಜಾಗ ಕೇಳುವ ಆಬ್ಜೆಕ್ಟ್ ಒಂದನ್ನು ನಾನು ಸೃಷ್ಟಿಸಿದೆ. ಮೊದಲೇ ಜಾಗ ಕಾದಿರಿಸಿ ಅದನ್ನೇ ಮರುಬಳಸಬೇಕು, ಸ್ಥಾನಗಳನ್ನೆಲ್ಲ ಒತ್ತೊತ್ತಾಗಿ ಇಟ್ಟರೆ ಪ್ರೊಸೆಸರ್ ಕ್ಯಾಶ್‌ಗೆ (ಪ್ರೊಸೆಸರಿನ ಪಕ್ಕದ ಪುಟ್ಟ, ವೇಗದ ಮೆಮೊರಿಗೆ) ಅನುಕೂಲ ಎಂಬುದು ನನಗೆ ಹೊಳೆಯಲೇ ಇಲ್ಲ. ಕೆಲಸ ಸಿಗಲಿಲ್ಲ.

ಅಂಥ ಕೆಲಸಕ್ಕೆ ಹೊರಟವರು ಒಗಟಿನಂಥ ಪ್ರಶ್ನೆಗಳನ್ನು ಬಿಡಿಸುತ್ತ ಕೂರುವ ಬದಲು, ಸಿದ್ಧ ಎಂಜಿನ್ (ಆಟ ಕಟ್ಟಲು ಬಳಸುವ ತಯಾರಿ ತಂತ್ರಾಂಶ) ಇಲ್ಲದೆ ಒಂದು ಪುಟ್ಟ ಆಟ ಬರೆಯಲಿ ಎನ್ನುತ್ತೇನೆ. ನಾನೂ ಈಗ ರಾತ್ರಿ ಅದನ್ನೇ ಮಾಡುತ್ತಿದ್ದೇನೆ. ಮೊನ್ನೆ ಗುಂಡು ಚಲಿಸುವ ಗೋಡೆಗೆ ತಾಗಿ ನಿಂತಿತು. ಗೋಡೆ ತಿರುಗಿದಾಗ ಮಾತ್ರ ಅಂಚಿನಲ್ಲಿ ಇನ್ನೂ ತಪ್ಪಿಸಿಕೊಳ್ಳುತ್ತಿದೆ.